ಕಿವಿಗೆ ಕಟ್ಟಿದ ಮೆತ್ತೆ: ಇಯರ್ ಪ್ಯಾಡ್ ಬದಲಾದರೆ ಕಂಸಾಳೆ ಬೇರೆ ಯಾಕೆ ಕೇಳುತ್ತೆ?

ಹಾಸ್ಟೆಲ್‌ನಲ್ಲಿ ಹೆಡ್‌ಫೋನ್ ಮಾತು ಶುರುವಾದರೆ ಮೊದಲು ಬರೋದು ಡ್ರೈವರ್ ಎಷ್ಟು ಮಿ.ಮೀ., ಬ್ಯಾಟರಿ ಎಷ್ಟು ಗಂಟೆ, ಆಫರ್‌ನಲ್ಲಿ ಎಷ್ಟಕ್ಕೆ ಸಿಕ್ತು ಅನ್ನೋದು. ನಮ್ಮ ಚರ್ಮಕ್ಕೆ ತಾಗಿಕೊಂಡು ಇಡೀ ದಿನ ಕೂರುವ ಆ ಮೆತ್ತನೆಯ ಪ್ಯಾಡ್ ಬಗ್ಗೆ ಯಾರೂ ಮಾತಾಡಲ್ಲ. ಅದು ಸುಲಿದು ಕಪ್ಪು ಚೂರು ಕೆನ್ನೆಗೆ ಅಂಟೋಕೆ ಶುರುವಾದ ಮೇಲೆ ನೆನಪಾಗುತ್ತೆ. ಆಗ ಆನ್‌ಲೈನ್‌ನಲ್ಲಿ ಸಿಕ್ಕಿದ ಅಗ್ಗದ ಜೋಡಿಯೊಂದನ್ನು ತರಿಸಿ ಹಾಕ್ತೀವಿ. ಹಾಕಿದ ದಿನವೇ ಅನುಮಾನ: "ಎಲ್ಲಾ ಸರಿ ಕಣ್ಲಾ, ಬಾಸೇ ಕಾಣೆನಲ್ಲ!" ಡ್ರೈವರ್ ಹಳೆಯದೇ, ವೈರ್ ಹಳೆಯದೇ, ಫೋನೂ ಅದೇ. ಬದಲಾಗಿದ್ದು ಮೆತ್ತೆ ಮಾತ್ರ.

ನಮ್ಮ ಸಂಘದಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ಒಂದಷ್ಟು ಜನ ಇದ್ದೀವಿ. ರಜೆಗೆ ಊರಿಗೆ ಹೋದಾಗ ಮಾದೇಶ್ವರನ ಪದ, ಮಂಟೇಸ್ವಾಮಿ ಕಾವ್ಯ ಹಾಡುವ ಹಿರಿಯರ ಮುಂದೆ ಕೂತು ಫೋನ್‌ನಲ್ಲೇ ರೆಕಾರ್ಡ್ ಮಾಡಿಕೊಂಡು ಬರೋದು, ಇಲ್ಲಿ ಲ್ಯಾಪ್‌ಟಾಪ್‌ನಲ್ಲಿ ಗಾಳಿಯ ಸದ್ದು ತೆಗೆದು ಶುಚಿ ಮಾಡೋದು ನಮ್ಮಲ್ಲಿ ಹಲವರ ಅಭ್ಯಾಸ. ಅಲ್ಲೇ ಜಗಳ ಹತ್ತೋದು. ಒಂದೇ ಕಡತ ಕೇಳಿ ಒಬ್ಬರು "ಕಂಸಾಳೆ ಕಿವಿಗೆ ಚುಚ್ಚುತ್ತೆ, ಮೇಲಿನ ಸ್ವರ ತಗ್ಗಿಸು" ಅಂತಾರೆ. ಇನ್ನೊಬ್ಬರು "ಮೇಲೇನೂ ಇಲ್ಲ, ತಂಬೂರಿಯ ಗುಂಯ್ ಜಾಸ್ತಿಯಾಗಿದೆ, ಕೆಳಗಿನದ್ದು ಕಡಿಮೆ ಮಾಡು" ಅಂತಾರೆ. ಇಬ್ಬರ ಕಿವಿಯೂ ಚೆನ್ನಾಗೇ ಇದೆ. ಅವರ ತಲೆಯ ಮೇಲಿರೋ ಮೆತ್ತೆಗಳು ಬೇರೆ ಬೇರೆ. ತಪ್ಪು ಮೆತ್ತೆಯನ್ನು ನಂಬಿ ಬಾಸ್ ಏರಿಸಿಬಿಟ್ಟರೆ, ಜಾತ್ರೆಯ ದೊಡ್ಡ ಸ್ಪೀಕರ್‌ನಲ್ಲಿ ಆ ಹಾಡು ಬರೀ ಗುಡುಗುತ್ತೆ, ಮಾತೇ ಕೇಳಲ್ಲ. ಇಡೀ ರಾತ್ರಿ ಹಾಡಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗ್ತಿದ್ದಾರೆ. ಮತ್ತೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರ್ತೀವಿ ಅನ್ನೋ ಹಾಗಿಲ್ಲ.

ಅದಕ್ಕೇ ಈ ಪಾಠ. ಮೊದಲ ವರ್ಷದ ಭೌತಶಾಸ್ತ್ರ ಗೊತ್ತಿದ್ದರೆ ಸಾಕು.

ಕಿವಿಯ ಸುತ್ತ ಒಂದು ಪುಟ್ಟ ಕೋಣೆ

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡಾಗ ಒಂದು ಕಡೆ ಡ್ರೈವರ್, ಇನ್ನೊಂದು ಕಡೆ ನಮ್ಮ ತಲೆ, ಸುತ್ತಲೂ ಗೋಡೆಯಾಗಿ ಪ್ಯಾಡ್. ಹೀಗೆ ಒಂದು ಪುಟ್ಟ ಗಾಳಿ ಕೋಣೆ ಆಗುತ್ತೆ. ಅದರ ಗಾತ್ರ 60 ಘನ ಸೆಂ.ಮೀ. ಅಂದುಕೊಳ್ಳಿ, ಅರ್ಧ ಲೋಟ ಕಾಫಿಯಷ್ಟು. ಕೆಳಸ್ವರದ ಅಲೆಗಳು ಈ ಕೋಣೆಗಿಂತ ಬಹಳ ದೊಡ್ಡವು. 50 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 7 ಮೀಟರ್. ಇಷ್ಟು ಸಣ್ಣ ಜಾಗದಲ್ಲಿ ಅಷ್ಟು ದೊಡ್ಡ ಅಲೆ ಓಡಾಡಲ್ಲ. ಡ್ರೈವರ್ ಮುಂದೆ ಬಂದಾಗ ಕೋಣೆಯ ಗಾಳಿ ಎಲ್ಲೆಡೆ ಒಂದೇ ಸಮ ಒತ್ತಿಕೊಳ್ಳುತ್ತೆ, ಹಿಂದೆ ಹೋದಾಗ ಸಡಿಲವಾಗುತ್ತೆ. ಸೈಕಲ್ ಪಂಪ್‌ನ ಬಾಯಿಗೆ ಬೆರಳಿಟ್ಟು ಒತ್ತಿದ ಹಾಗೆ. ಬೆರಳು ಸ್ವಲ್ಪ ಸಡಿಲ ಬಿಟ್ಟರೆ ಏನಾಗುತ್ತೆ? ಪುಸ್ ಅಂತ ಗಾಳಿ ಹೊರಗೆ ಹೋಗುತ್ತೆ, ಒತ್ತಡವೇ ಹುಟ್ಟಲ್ಲ. ಹೆಡ್‌ಫೋನ್‌ನ ಬಾಸ್ ಹೋಗೋದೂ ಹೀಗೇ.

ಲೆಕ್ಕ ಹಾಕೋಣ. ಕನ್ನಡಕದ ಕಡ್ಡಿ ಪ್ಯಾಡ್ ಅಡಿಯಲ್ಲಿ ಹಾದು ಹೋಗುವ ಕಡೆ ಒಂದು ಸಂದು ಬಿಡುತ್ತೆ. ಅದನ್ನು 4 ಮಿ.ಮೀ. ವ್ಯಾಸದ, 2 ಸೆಂ.ಮೀ. ಉದ್ದದ ಕೊಳವೆ ಅಂತ ಇಟ್ಟುಕೊಳ್ಳೋಣ. ಕೊಳವೆಯ ಎರಡು ತುದಿಯಲ್ಲೂ ಸ್ವಲ್ಪ ಗಾಳಿ ಜೊತೆಗೇ ಅಲುಗಾಡುವುದರಿಂದ ಲೆಕ್ಕಕ್ಕೆ ಉದ್ದ ಸುಮಾರು 2.3 ಸೆಂ.ಮೀ. ಆಗುತ್ತೆ. ಕೋಣೆಯ ಗಾಳಿ ಸ್ಪ್ರಿಂಗ್, ಕೊಳವೆಯ ಗಾಳಿ ಅದಕ್ಕೆ ಕಟ್ಟಿದ ತೂಕ. ಇದು ನೀವು ಪಠ್ಯದಲ್ಲಿ ಓದಿದ ಹೆಲ್ಮ್‌ಹೋಲ್ಟ್ಸ್ ಅನುರಣಕವೇ. ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಕೋಣೆಯ ಗಾತ್ರ ಮತ್ತು ಕೊಳವೆಯ ಉದ್ದದ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು, ಶಬ್ದದ ವೇಗದಿಂದ ಗುಣಿಸಿ, 2ಪೈನಿಂದ ಭಾಗಿಸಿ. ಬರೋ ಉತ್ತರ ಸುಮಾರು 163 ಹರ್ಟ್ಸ್.

ಈ 163ರ ಕೆಳಗೆ ಒತ್ತಡ ಪ್ರತಿ ಆಕ್ಟೇವ್‌ಗೆ ಹತ್ತಿರಹತ್ತಿರ 12 ಡೆಸಿಬೆಲ್‌ನಂತೆ ಇಳಿಯುತ್ತೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ 80 ಹರ್ಟ್ಸ್‌ನಲ್ಲಿ ಸುಮಾರು 10 ಡೆಸಿಬೆಲ್, 40 ಹರ್ಟ್ಸ್‌ನಲ್ಲಿ 24 ಡೆಸಿಬೆಲ್ ನಷ್ಟ. ಕಡಲೆಕಾಳು ಹೋಗದಷ್ಟು ಸಣ್ಣ ತೂತು ಮಾಡೋ ಕೆಲಸ ಇದು! ಇನ್ನೂ ಒಂದು ಇದೆ: 163ರ ಆಸುಪಾಸಿನಲ್ಲಿ ಸದ್ದು ಕಡಿಮೆಯಾಗಲ್ಲ, ಉಬ್ಬುತ್ತೆ. ಹಾಗಾಗಿ ಸೋರುವ ಪ್ಯಾಡ್ ಅಂದರೆ ಬಾಸ್ ಇಲ್ಲದಿರೋದಷ್ಟೇ ಅಲ್ಲ, ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳೋದೂ ಹೌದು. ಕಡ್ಡಿ ಕಿವಿಯ ಮುಂದೊಂದು, ಹಿಂದೊಂದು ಸಂದು ಬಿಟ್ಟರೆ ವಿಸ್ತೀರ್ಣ ಎರಡರಷ್ಟಾಗಿ ಈ ಗಡಿ 230 ಹರ್ಟ್ಸ್‌ಗೆ ಏರುತ್ತೆ. ಗಂಡಸರ ದನಿಯ ಮೂಲಸ್ವರ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್. ಅಂದರೆ ಹಿಮ್ಮೇಳದವರು ಸೇರಿ ಎಳೆಯುವ ಸೊಲ್ಲಿನ ತಳವೇ ಕಳಚಿಬೀಳುತ್ತೆ. ಕಂಸಾಳೆ ಮಾತ್ರ ಮುಕ್ಕಾಗದೆ ಉಳಿಯುತ್ತೆ, ಯಾಕಂದರೆ ಕಂಚಿನ ಆ ಬಟ್ಟಲು ಮತ್ತು ತಟ್ಟೆಯ ಸದ್ದಿನ ಹೆಚ್ಚಿನ ಭಾಗ ಸಾವಿರಾರು ಹರ್ಟ್ಸ್‌ನಲ್ಲಿದೆ. ಅಷ್ಟು ವೇಗಕ್ಕೆ ಕೊಳವೆಯ ಗಾಳಿ ಅಲುಗೋದೇ ಇಲ್ಲ. "ಕಂಸಾಳೆ ಚುಚ್ಚುತ್ತೆ" ಅಂದವರು ಕನ್ನಡಕದವರೇ ಆಗಿದ್ದರೆ ಆಶ್ಚರ್ಯಪಡಬೇಡಿ. ಮೇಲಿನದ್ದು ಹೆಚ್ಚಾಗಿಲ್ಲ, ಕೆಳಗಿನದ್ದು ಇಲ್ಲವಾಗಿದೆ.

ಕನ್ನಡಕ ಒಂದೇ ಅಲ್ಲ. ದಪ್ಪ ಜಡೆ ಕಿವಿಯ ಹಿಂದೆ ಹಾದು ಹೋದರೆ ಅಲ್ಲೂ ಸೋರುತ್ತೆ. ಗಡ್ಡ, ತಲೆಗೆ ಸುತ್ತಿದ ಬಟ್ಟೆ, ದೊಡ್ಡ ಓಲೆ ಎಲ್ಲವೂ ಲೆಕ್ಕಕ್ಕೆ ಬರುತ್ತೆ. ಒಂದೇ ಹೆಡ್‌ಫೋನ್ ಇಬ್ಬರ ತಲೆಯ ಮೇಲೆ ಒಂದೇ ಥರ ಕೇಳಲ್ಲ ಅನ್ನೋದಕ್ಕೆ ಮೊದಲ ಕಾರಣ ಇದೇ. ವಿಮರ್ಶೆಯ ವಿಡಿಯೋ ನೋಡಿ ಕೊಳ್ಳುವಾಗ ಈ ಮಾತು ನೆನಪಿರಲಿ, ವಿಮರ್ಶಕರ ತಲೆ ನಿಮ್ಮದಲ್ಲ.

ಹಿಂಬದಿ ತೆರೆದ ಹೆಡ್‌ಫೋನ್‌ಗಳ ಕಥೆ ಬೇರೆ. 1968ರ ಸೆನ್‌ಹೈಸರ್ ಎಚ್‌ಡಿ 414 ಅಂಥದ್ದರಲ್ಲಿ ಮೊದಲನೆಯದು. ಅದರ ಹಳದಿ ಸ್ಪಾಂಜಿನ ಮೆತ್ತೆ ಗಾಳಿಯನ್ನು ತಡೆಯುತ್ತಲೇ ಇರಲಿಲ್ಲ. ಹೊರಗಿನ ಸದ್ದೂ ಒಳಗೆ ಬರುತ್ತೆ ಅನ್ನೋ ಕಾರಣಕ್ಕೆ ನಮ್ಮ ಹಾಸ್ಟೆಲ್‌ಗೆ, ಬಸ್ಸಿಗೆ ಅವು ಒಗ್ಗಲ್ಲ. ಹಾಗಾಗಿ ಇಲ್ಲಿ ಮುಚ್ಚಿದ ಮಾದರಿಯ ಮಾತಷ್ಟೇ.

ಆಳ, ಅಗಲ, ಒಳಗೋಡೆ

ಸೋರದಂತೆ ಕೂತಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಪ್ಯಾಡ್ ದಪ್ಪವಾದರೆ ಸದ್ದು ಬದಲಾಗುತ್ತೆ. 2 ಸೆಂ.ಮೀ. ಆಳದ ಪ್ಯಾಡ್ ತೆಗೆದು 3 ಸೆಂ.ಮೀ.ನದ್ದು ಹಾಕಿದರೆ ಕೋಣೆಯ ಗಾತ್ರ ಒಂದೂವರೆ ಪಟ್ಟು. ಡ್ರೈವರ್ ಅಷ್ಟೇ ದೂರ ಓಡಾಡಿದರೂ ಹುಟ್ಟುವ ಒತ್ತಡ ಅಷ್ಟರ ಮಟ್ಟಿಗೆ ಕಡಿಮೆ. ಕೆಳಸ್ವರದಲ್ಲಿ ಸುಮಾರು 3.5 ಡೆಸಿಬೆಲ್. ದಪ್ಪ ಮೆತ್ತೆ ಅಂದರೆ ಹೆಚ್ಚು ಬಾಸ್ ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಅದು ನಿಜವಾಗೋದು ಹಳೆಯ ಪ್ಯಾಡ್ ಚಪ್ಪಟೆಯಾಗಿ ಸೋರುತ್ತಿದ್ದು, ಹೊಸದು ಸಂದು ಮುಚ್ಚಿದಾಗ.

ಮೇಲಿನ ಸ್ವರಗಳ ಲೆಕ್ಕ ಇಷ್ಟು ಸರಳ ಅಲ್ಲ. 10,000 ಹರ್ಟ್ಸ್‌ನ ಅಲೆಯ ಉದ್ದ 3.4 ಸೆಂ.ಮೀ. ಮಾತ್ರ. ಡ್ರೈವರ್ 1 ಸೆಂ.ಮೀ. ಹಿಂದೆ ಸರಿದರೆ ಅಲೆಯ ಮೂರನೇ ಒಂದು ಭಾಗದಷ್ಟು ಜಾಗ ಬದಲಾಯಿತು. ಪ್ಯಾಡ್‌ನ ಒಳಗೋಡೆಯಿಂದ, ಕಿವಿಯ ಮಡಿಕೆಯಿಂದ ತಿರುಗಿ ಬರುವ ಅಲೆಗಳು ನೇರ ಬಂದದ್ದರ ಜೊತೆ ಕೂಡುವ, ಕಳೆಯುವ ಜಾಗವೆಲ್ಲ ಅದಲುಬದಲು. 6 ಸೆಂ.ಮೀ. ಒಳ ಅಗಲದ ಪ್ಯಾಡ್‌ನಲ್ಲಿ ಗೋಡೆಯಿಂದ ಗೋಡೆಗೆ ನಿಲ್ಲುವ ಅಲೆ ಸುಮಾರು 2,860 ಹರ್ಟ್ಸ್‌ನಲ್ಲಿ ಬರುತ್ತೆ. ನಮ್ಮ ಕಿವಿಯ ನಾಳ ಸುಮಾರು 2.5 ಸೆಂ.ಮೀ. ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದರ ಸ್ವಂತ ಅನುರಣನ 3,400 ಹರ್ಟ್ಸ್ ಆಸುಪಾಸು. ಎರಡೂ ಅಕ್ಕಪಕ್ಕ. ಕಿವಿ ಅತಿ ಸೂಕ್ಷ್ಮವಾಗಿರೋದೂ ಅಲ್ಲೇ, ಮಾತಿನ ವ್ಯಂಜನಗಳ ಸ್ಪಷ್ಟತೆ ಇರೋದೂ ಅಲ್ಲೇ. ಅದಕ್ಕೇ ಒಳಗೋಡೆ ರೆಕ್ಸಿನ್ ಆಗಿದ್ದರೆ ಅಲೆ ಪುಟಿದು ಸದ್ದು ಹರಿತವಾಗುತ್ತೆ, ಬಟ್ಟೆಯದಾಗಿದ್ದರೆ ಸ್ವಲ್ಪ ಹೀರಿಕೊಂಡು ಮೆತ್ತಗಾಗುತ್ತೆ. ಹೊರಗೆ ರೆಕ್ಸಿನ್, ಒಳಗೆ ಜಾಲರಿ ಬಟ್ಟೆ ಇರುವ ಮಿಶ್ರ ಪ್ಯಾಡ್‌ಗಳು ಬಂದದ್ದು ಎರಡೂ ಕಡೆಯ ಲಾಭ ಪಡೆಯೋಕೆ. ನಮ್ಮ ಅಭಿಪ್ರಾಯ ಕೇಳಿದರೆ, ಈ ಭಾಗದಲ್ಲಿ ಲೆಕ್ಕಕ್ಕಿಂತ ಅಳತೆಯೇ ಮೇಲು. ಹೇಗೆ ಅಳೆಯೋದು ಅಂತ ಕೊನೆಗೆ ಹೇಳ್ತೀವಿ.

ಒಂದು ಎಚ್ಚರಿಕೆ: ಪ್ಯಾಡ್ ಬಿಚ್ಚಿದಾಗ ಡ್ರೈವರ್ ಮುಂದೆ ತೆಳ್ಳನೆ ಸ್ಪಾಂಜಿನ ಅಥವಾ ಬಟ್ಟೆಯ ಬಿಲ್ಲೆ ಸಿಗುತ್ತೆ. ಧೂಳು ತಡೆಯೋಕೆ ಇಟ್ಟದ್ದು ಅಂತ ಅನೇಕರು ಕಿತ್ತೆಸೀತಾರೆ. ಅದು ಮೇಲಿನ ಸ್ವರವನ್ನು ಹದಕ್ಕೆ ತರೋ ಭಾಗವೂ ಹೌದು. ಹಾಗೇ ಕೆಲವು ಮಾದರಿಗಳಲ್ಲಿ ಡ್ರೈವರ್ ಸುತ್ತ ಸಣ್ಣ ತೂತುಗಳಿರುತ್ತವೆ, ಬೇಕೆಂದೇ ಇಟ್ಟವು. ಹೊಸ ಪ್ಯಾಡ್‌ನ ಅಂಚು ಅವನ್ನು ಮುಚ್ಚಿಬಿಟ್ಟರೆ ತಯಾರಿಸಿದವರು ಕೂರಿಸಿದ ಹದ ಹೋಯಿತು.

ರೆಕ್ಸಿನ್, ವೆಲ್ವೆಟ್, ಬನಿಯನ್ ಬಟ್ಟೆ

ಯಾವ ಮೆತ್ತೆ ಒಳ್ಳೇದು ಅನ್ನೋ ಪ್ರಶ್ನೆಗೆ ಊರು ಯಾವುದು ಅಂತ ತಿರುಗಿ ಕೇಳಬೇಕಾಗುತ್ತೆ.

ಕೊಳ್ಳೇಗಾಲದ ಬೇಸಿಗೆ ಗೊತ್ತಿರೋರಿಗೆ ರೆಕ್ಸಿನ್ ಪ್ಯಾಡ್‌ನ ಕಷ್ಟ ಹೇಳಬೇಕಿಲ್ಲ. ಗಾಳಿಯಾಡದ ಹೊದಿಕೆ ಅನ್ನೋದೇ ಅದರ ಗುಣ, ಬಾಸ್ ಉಳಿಯೋದೂ ಅದರಿಂದಲೇ, ಬೆವರು ಆರದೇ ಇರೋದೂ ಅದರಿಂದಲೇ. ಅರ್ಧ ಗಂಟೆಯಲ್ಲಿ ಕಿವಿಯ ಸುತ್ತ ಒದ್ದೆ ಉಂಗುರ. ಇದು ಚರ್ಮವಲ್ಲ, ಬಟ್ಟೆಯ ಮೇಲೆ ಪಾಲಿಯುರೆಥೇನ್ ಬಳಿದ ಹಾಳೆ. ತೇವ ಮತ್ತು ಶಾಖ ಸೇರಿದರೆ ಆ ಪಾಲಿಮರ್‌ನ ಸರಪಳಿಗಳು ನೀರಿನಿಂದ ತುಂಡಾಗುತ್ತಾ ಹೋಗುತ್ತವೆ. ಜಲವಿಚ್ಛೇದನ ಅಂತ ರಸಾಯನಶಾಸ್ತ್ರದಲ್ಲಿ ಓದಿದ್ದೇ. ಬಳಸದೆ ಚೀಲದಲ್ಲಿ ಇಟ್ಟಿದ್ದ ಹೆಡ್‌ಫೋನ್‌ನ ಪ್ಯಾಡ್ ಕೂಡ ಸುಲಿಯೋದು ಇದಕ್ಕೇ. ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಈ ಕೆಲಸವನ್ನು ಬೇಗ ಮುಗಿಸುತ್ತವೆ. ಎಣ್ಣೆ ಹಚ್ಚಬೇಡಿ ಅಂತ ನಾವು ಹೇಳಲ್ಲ, ಅಮ್ಮಂದಿರು ಬಿಡಲ್ಲ. ಬಳಸಿದ ಮೇಲೆ ಸ್ವಲ್ಪ ಒದ್ದೆ ಮಾಡಿದ ಹತ್ತಿ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಿಸಿ. ಬಿಸಿಲಿಗೆ ಇಡಬೇಡಿ.

ವೆಲ್ವೆಟ್‌ನಂಥ ನೂಲಿನ ಮೆತ್ತೆ ಚರ್ಮಕ್ಕೆ ಹಿತ, ಬೆವರೂ ಅಂಟಲ್ಲ. ಬೇಯರ್‌ಡೈನಾಮಿಕ್ ಡಿಟಿ 770ರಂಥ ಮುಚ್ಚಿದ ಹೆಡ್‌ಫೋನ್‌ಗೇ ಈ ಥರದ ಮೆತ್ತೆ ಬರುತ್ತೆ. ಅದರಲ್ಲಿ ಬಾಸ್ ಇಲ್ಲವೇ? ಇದೆ, ಯಾಕಂದರೆ ಮೆತ್ತೆ ಸ್ವಲ್ಪ ಸೋರುತ್ತೆ ಅನ್ನೋದನ್ನು ಲೆಕ್ಕಕ್ಕೆ ಹಿಡಿದೇ ಇಡೀ ಹೆಡ್‌ಫೋನ್ ಮಾಡಿದ್ದಾರೆ. ರೆಕ್ಸಿನ್‌ಗೆಂದು ಮಾಡಿದ ನಿಮ್ಮ ಹೆಡ್‌ಫೋನ್‌ಗೆ ವೆಲ್ವೆಟ್ ಹಾಕಿದರೆ ಅದೇ ಫಲ ಬರಲ್ಲ. ನೂಲಿನ ಮೆತ್ತೆಯ ಸೋರಿಕೆ ಕನ್ನಡಕದ ತೂತಿನಂತೆ ಒಂದೇ ಕಡೆ ಅಲ್ಲ, ಮೈಯೆಲ್ಲ ಜಿನುಗುವಂಥದ್ದು. ಗಾಳಿ ನೂಲಿಗೆ ಉಜ್ಜಿಕೊಂಡು ಹೋಗುವುದರಿಂದ ಉಬ್ಬು ಕಡಿಮೆ, ಇಳಿಜಾರೂ ನಿಧಾನ. ಕೇಳೋಕೆ ಇದು ಕನ್ನಡಕದ ಸೋರಿಕೆಗಿಂತ ಸಹ್ಯ.

ರೇಷ್ಮೆಯ ಊರಿನವರು ಅಂದಮೇಲೆ ಒಬ್ಬರಾದರೂ ಕೇಳೇ ಕೇಳ್ತಾರೆ: ರೇಷ್ಮೆ ಬಟ್ಟೆಯ ಗವಸು ಹಾಕಿದರೆ? ಮಗ್ಗದ ರೇಷ್ಮೆ ಹಿಗ್ಗಲ್ಲ. ದುಂಡು ಪ್ಯಾಡ್‌ಗೆ ಹೊದಿಸಿದರೆ ನೆರಿಗೆ ಬೀಳುತ್ತೆ, ಪ್ರತಿ ನೆರಿಗೆಯೂ ಒಂದು ಕೊಳವೆ. ಹಳೇ ಬನಿಯನ್ ಬಟ್ಟೆ ಇದಕ್ಕೆ ಹೇಳಿ ಮಾಡಿಸಿದ್ದು. ಹೆಣೆದ ಬಟ್ಟೆಯಾದ್ದರಿಂದ ಎಳೆದರೆ ಹಿಗ್ಗಿ ನೆರಿಗೆಯಿಲ್ಲದೆ ಕೂರುತ್ತೆ, ಬೆವರು ಹೀರುತ್ತೆ, ಒಗೆದು ಹಾಕಬಹುದು. ರೆಕ್ಸಿನ್ ಪ್ಯಾಡ್‌ನ ಮೇಲೆ ಒಂದೇ ಪದರ ಹಾಕಿದರೆ ಬಾಸ್ ಒಂದಿಷ್ಟು ಇಳಿಯುತ್ತೆ, ಆದರೆ ಉಸಿರಾಡುತ್ತೆ. ಡ್ರೈವರ್ ಮುಂದಿನ ಭಾಗ ಕತ್ತರಿಸಿ ತೆರೆದಿಡಿ. ಸೀರೆಯ ತುಂಡಿಗೆ ಕತ್ತರಿ ಹಾಕೋಕೆ ಹೋಗಬೇಡಿ, ಮನೇಲಿ ಬೈಸಿಕೊಳ್ತೀರಿ.

ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಕಷ್ಟ ತಿರುಗಿಬೀಳುತ್ತೆ. ಮೇಲೆ ಚಳಿ, ಮಂಜು. ಹಕ್ಕಿಯ ದನಿ ರೆಕಾರ್ಡ್ ಮಾಡೋಕೆ ಬೆಳಗಿನ ಜಾವ ಹೋಗುವ ಗೆಳೆಯರು ಮೆಮೊರಿ ಫೋಮ್ ಪ್ಯಾಡ್ ಹಾಕಿದ ಹೆಡ್‌ಫೋನ್ ಒಯ್ದರೆ ಮೊದಲ ಕೆಲವು ನಿಮಿಷ ಅದು ಕಲ್ಲಿನ ಹಾಗೆ ಅನಿಸಬಹುದು. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ, ವಿಮಾನದ ಸೀಟಿಗೆಂದು ಹುಟ್ಟಿದ ಈ ಫೋಮ್ ಶಾಖಕ್ಕೆ ಮೆತ್ತಗಾಗುತ್ತೆ, ಚಳಿಗೆ ಬಿಗಿಯುತ್ತೆ. ಗಟ್ಟಿಯಿದ್ದಾಗ ದವಡೆಯ ಮೂಳೆಯ ಹಿಂದಿನ ಗುಳಿಯಲ್ಲಿ ಸಂದು ಬಿಡುತ್ತೆ, ಬಾಸ್ ಇಲ್ಲ. ಮೈಶಾಖ ಏರಿದ ಮೇಲೆ ಮುಖದ ಆಕಾರಕ್ಕೆ ಇಳಿದು ಕೂರುತ್ತೆ, ಕನ್ನಡಕದ ಕಡ್ಡಿಯ ಸುತ್ತಲೂ ಹರಿದುಕೊಳ್ಳುತ್ತೆ. ಕನ್ನಡಕದವರಿಗೆ ಇದಕ್ಕಿಂತ ಒಳ್ಳೆಯ ಫೋಮ್ ಇಲ್ಲ ಅಂತಲೇ ನಮ್ಮ ಮತ. ಹಾಕಿದ ತಕ್ಷಣ ತೀರ್ಪು ಕೊಡದೆ ಐದು ನಿಮಿಷ ಬಿಟ್ಟು ಕೇಳಿ.

ಕಿವಿ ನೋಯೋದು ಎಲ್ಲಿಂದ?

ಹೆಡ್‌ಫೋನ್ ಬಿಗಿಯೂ ಒಂದು ಅಳತೆಯೇ. 4.5 ನ್ಯೂಟನ್ ಅಂತಿಟ್ಟುಕೊಳ್ಳಿ, ಅಂದರೆ ಸುಮಾರು 460 ಗ್ರಾಂ ತೂಕ ಎರಡೂ ಕಡೆಯಿಂದ ಒತ್ತಿದ ಹಾಗೆ. ಹೊರಗೆ 10 × 8 ಸೆಂ.ಮೀ., ಒಳಗೆ 6 × 4 ಸೆಂ.ಮೀ. ಇರುವ ಮೊಟ್ಟೆಯಾಕಾರದ ಪ್ಯಾಡ್‌ನ ತಾಗುವ ವಿಸ್ತೀರ್ಣ ಸುಮಾರು 44 ಚದರ ಸೆಂ.ಮೀ. ಒತ್ತಡ ಸುಮಾರು 1,000 ಪ್ಯಾಸ್ಕಲ್, ಅಂದರೆ 8 ಮಿ.ಮೀ. ಪಾದರಸಕ್ಕಿಂತ ಕಡಿಮೆ. ಚರ್ಮ ಇದನ್ನು ಗಂಟೆಗಟ್ಟಲೆ ತಡೆದುಕೊಳ್ಳುತ್ತೆ.

ಈಗ ಅದೇ ಬಿಗಿಯಲ್ಲಿ ಕಿವಿಯ ಮೇಲೇ ಕೂರುವ ಸಣ್ಣ ಪ್ಯಾಡ್ ನೋಡಿ. ಕಿವಿ ಸಮತಟ್ಟಲ್ಲ, ಏಣುಗಳು ಮಾತ್ರ ತಾಗೋದು. 10 ಚದರ ಸೆಂ.ಮೀ. ತಾಗಿದರೆ 4,500 ಪ್ಯಾಸ್ಕಲ್, ಹೆಚ್ಚುಕಡಿಮೆ 34 ಮಿ.ಮೀ. ಪಾದರಸ. ಚರ್ಮದ ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಳ್ಳುವ ಒತ್ತಡಕ್ಕೆ ವೈದ್ಯಕೀಯದಲ್ಲಿ ಸಾಮಾನ್ಯವಾಗಿ ಹೇಳುವ ಅಂಕಿ 32. ಒಂದು ಗಂಟೆಗೆ ಕಿವಿ ಕೆಂಪಾಗಿ ಉರಿಯೋದು ಸುಮ್ಮನೆ ಅಲ್ಲ. ಜುಮುಕಿ, ಓಲೆ ಹಾಕಿದ್ದರೆ ತಾಗುವ ಜಾಗ ಇನ್ನೂ ಕಿರಿದು, ಒತ್ತಡ ಇನ್ನೂ ಜಾಸ್ತಿ. ಕನ್ನಡಕದ ಕಡ್ಡಿಯೂ ಅಷ್ಟೇ: ಗಟ್ಟಿ ಫೋಮ್ ಅದನ್ನು ಮೂಳೆಗೆ ಒತ್ತುತ್ತೆ, ಮೆತ್ತನೆ ಫೋಮ್ ತಾನೇ ಜಾಗ ಬಿಡುತ್ತೆ.

ಇನ್ನೊಂದು ನೋವು ಪ್ಯಾಡ್‌ನ ಆಳದ್ದು. ಕಿವಿ ತಲೆಯಿಂದ ಸುಮಾರು 2 ಸೆಂ.ಮೀ. ಹೊರಗೆ ಚಾಚಿರುತ್ತೆ. ಪ್ಯಾಡ್ ಒತ್ತಿದ ಮೇಲೆ ಅದಕ್ಕಿಂತ ಕಡಿಮೆ ಆಳ ಉಳಿದರೆ ಕಿವಿಯ ತುದಿ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತೆ. ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿದರೆ ಇದು ಗೊತ್ತಾಗಲ್ಲ, ಎರಡನೇ ಸಿನಿಮಾಗೆ ಗೊತ್ತಾಗುತ್ತೆ. ಕೊಳ್ಳುವ ಮುಂಚೆ ಸ್ಕೇಲ್ ಹಿಡಿದು ನಿಮ್ಮ ಕಿವಿಯ ಉದ್ದ, ಅಗಲ, ಚಾಚು ಮೂರನ್ನೂ ಅಳೆದುಕೊಳ್ಳಿ. ನಗಬೇಡಿ, ಚಪ್ಪಲಿಗೆ ಅಳತೆ ನೋಡ್ತೀವಲ್ಲ.

ನೋವಾಗುತ್ತೆ ಅಂತ ತಲೆಪಟ್ಟಿಯನ್ನು ಪುಸ್ತಕದ ರಾಶಿಗೆ ಸಿಕ್ಕಿಸಿ ರಾತ್ರಿಯಿಡೀ ಎಳೆದಿಡುವವರಿದ್ದಾರೆ. ಬಿಗಿ ಕಡಿಮೆಯಾಗುತ್ತೆ ನಿಜ, ಅದರ ಜೊತೆ ಸಂದೂ ದೊಡ್ಡದಾಗುತ್ತೆ. ಒಸಿ ಒಸಿಯಾಗಿ ಸಡಿಲಿಸಿ, ಪ್ರತಿ ಸಲ ಬಾಸ್ ಕೇಳಿ ನೋಡಿ.

ಬಸ್ಸಿನ ಸದ್ದು, ಮಗ್ಗದ ಸದ್ದು

ಸುಖ, ಸ್ವರ ಎರಡರ ಮಾತಾಯಿತು. ಮೂರನೇದು ಕಿವಿಯ ಆಯಸ್ಸಿನದು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಿಂದ ಘಾಟಿ ಹತ್ತುವ ಬಸ್ಸನ್ನು ನೆನೆಸಿಕೊಳ್ಳಿ. ಎಂಜಿನ್‌ನ ಗುಡುಗು ಹೆಚ್ಚಾಗಿ ಕೆಳಸ್ವರದ್ದು. ಸೋರುವ ಪ್ಯಾಡ್ ಹಾಡಿನ ಬಾಸನ್ನು ಹೊರಗೆ ಬಿಡುತ್ತೆ, ಅದೇ ತೂತಿನಿಂದ ಬಸ್ಸಿನ ಗುಡುಗನ್ನು ಒಳಗೂ ಬಿಡುತ್ತೆ. ಸದ್ದು ತಗ್ಗಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುವ ಹೆಡ್‌ಫೋನ್ ಕೂಡ ಇಲ್ಲಿ ಸೋಲುತ್ತೆ. ಅದು ಹುಟ್ಟಿಸುವ ವಿರುದ್ಧ ಒತ್ತಡವೂ ಆ ತೂತಿನಿಂದಲೇ ಹೊರಗೆ ಹೋಗುತ್ತಲ್ಲ. ನಾವು ಆಗ ಮಾಡೋದು ಒಂದೇ, ವಾಲ್ಯೂಮ್ ಏರಿಸೋದು. ವಾಲ್ಯೂಮ್ ಬಾಸ್ ಒಂದನ್ನೇ ಏರಿಸಲ್ಲ, ಕಿವಿಗೆ ಹೆಚ್ಚು ಪೆಟ್ಟು ಕೊಡುವ 2,000ದಿಂದ 5,000 ಹರ್ಟ್ಸ್ ಭಾಗವನ್ನೂ ಅಷ್ಟೇ ಏರಿಸುತ್ತೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಹೆಚ್ಚಾದಂತೆಲ್ಲ ಸಮಯ ಅರ್ಧ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಊರಿನಿಂದ ದಿನಕ್ಕೆ ಹೋಗಿ ಬರೋಕೆ 2 ಗಂಟೆ, ವಾರಕ್ಕೆ 6 ದಿನ ಓಡಾಡುವವರು 12 ಗಂಟೆ ಹೆಡ್‌ಫೋನ್ ಹಾಕಿರ್ತಾರೆ. 83ರಲ್ಲಿ ಕೇಳುತ್ತಿದ್ದಾಗ ಮಿತಿಯೊಳಗೆ ಇದ್ದವರು, ಪ್ಯಾಡ್ ಚಪ್ಪಟೆಯಾಗಿದೆ ಅಂತ 3 ಡೆಸಿಬೆಲ್ ಏರಿಸಿದರೆ ಮಿತಿ ದಾಟಿದರು. ಮೂರು ಡೆಸಿಬೆಲ್ ಅಂದರೆ ಫೋನ್‌ನಲ್ಲಿ ಒಂದೆರಡು ಸಲ ಗುಂಡಿ ಒತ್ತಿದಷ್ಟು. ಹೊಸ ಪ್ಯಾಡ್‌ಗೆ ಕೊಡುವ ಮುನ್ನೂರು ರೂಪಾಯಿ ದುಬಾರಿ ಅನ್ನುವವರು ಈ ಲೆಕ್ಕ ಒಮ್ಮೆ ನೋಡಲಿ.

ಇದೇ ಲೆಕ್ಕ ನಮ್ಮಲ್ಲಿ ಕೆಲವರ ಮನೆಗೂ ಸಲ್ಲುತ್ತೆ. ಕೊಳ್ಳೇಗಾಲದಲ್ಲಿ ರೇಷ್ಮೆ ಮಗ್ಗ ನಡೆಸುವ ಮನೆಗಳಿವೆ, ಸುತ್ತಮುತ್ತ ಕಪ್ಪು ಗ್ರಾನೈಟ್ ಕ್ವಾರಿಗಳಿವೆ. ಲಾಳಿ ಬಡಿಯುವ ವಿದ್ಯುತ್ ಮಗ್ಗದ ಕೋಣೆಯಲ್ಲಿ ಸದ್ದು 90 ಡೆಸಿಬೆಲ್ ದಾಟೋದು ಸಾಮಾನ್ಯ, ಕಲ್ಲು ಕೊರೆಯುವ ಕಡೆ ಇನ್ನೂ ಹೆಚ್ಚು. ಅಲ್ಲಿ ದುಡಿಯುವವರು ಹಾಡಿನ ಹೆಡ್‌ಫೋನ್ ಹಾಕಿ "ಸದ್ದು ಕಡಿಮೆಯಾಯ್ತು" ಅಂದುಕೊಂಡರೆ ಅದು ರಕ್ಷಣೆ ಅಲ್ಲ. ಆ ಸದ್ದನ್ನು ಮೀರಿ ಹಾಡು ಕೇಳಬೇಕು ಅಂದರೆ ಹಾಡು ಇನ್ನೂ ಜೋರಿರಬೇಕು. ಕೈಗಾರಿಕೆಗೆಂದೇ ಮಾಡಿದ, ಎಷ್ಟು ಡೆಸಿಬೆಲ್ ತಗ್ಗಿಸುತ್ತೆ ಅಂತ ಮೇಲೆ ಬರೆದಿರುವ ಕಿವಿಗವಸು ಬೇರೆ ಸಿಗುತ್ತೆ. ಅದರದ್ದೂ ಪ್ಯಾಡೇ. ಅದರಲ್ಲೂ ಕನ್ನಡಕದ ಕಡ್ಡಿ, ಒಡೆದ ರೆಕ್ಸಿನ್, ಚಪ್ಪಟೆಯಾದ ಫೋಮ್ ಇದ್ದರೆ ಬರೆದಿರುವ ಡೆಸಿಬೆಲ್ ಸಿಗಲ್ಲ. ಊರಿಗೆ ಹೋದಾಗ ಅಪ್ಪನದೋ ಚಿಕ್ಕಪ್ಪನದೋ ಗವಸು ಇದ್ದರೆ ಅದರ ಪ್ಯಾಡ್‌ಗಳನ್ನು ಬೆರಳಿನಲ್ಲಿ ಒತ್ತಿ ನೋಡಿ. ಬಿರುಕು ಬಿಟ್ಟಿದ್ದರೆ, ಒತ್ತಿದ ಗುಳಿ ಮೇಲೇಳದಿದ್ದರೆ ಬದಲಿಸಬೇಕು.

ಕೇಳಿ ನೋಡೋದು, ಅಳೆದು ನೋಡೋದು

ಸೋರಿಕೆ ಕಂಡುಹಿಡಿಯೋಕೆ ಉಪಕರಣ ಬೇಡ. ಫೋನ್‌ನಲ್ಲಿ ಸ್ವರ ಹುಟ್ಟಿಸುವ ಯಾವುದಾದರೂ ಆ್ಯಪ್ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, 60 ಹರ್ಟ್ಸ್ ಕೇಳಿ. ಎರಡೂ ಕಪ್‌ಗಳನ್ನು ಅಂಗೈಯಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿ. ಸದ್ದು ಏರಿದರೆ ಸೋರುತ್ತಿದೆ. ಏರದಿದ್ದರೆ ಚೆನ್ನಾಗಿ ಕೂತಿದೆ. ಈಗ ಕನ್ನಡಕ ತೆಗೆದು ಅದನ್ನೇ ಮಾಡಿ. ವ್ಯತ್ಯಾಸ ದೊಡ್ಡದಿದ್ದರೆ ಕಾರಣ ಗೊತ್ತಾಯಿತು. ತೆಳು ಕಡ್ಡಿಯ ಕನ್ನಡಕ ಇಲ್ಲವೇ ಮೆಮೊರಿ ಫೋಮ್.

ಎರಡು ಜೋಡಿ ಪ್ಯಾಡ್ ಹೋಲಿಸುವಾಗ ಮೊದಲು 1,000 ಹರ್ಟ್ಸ್‌ನಲ್ಲಿ ಎರಡರ ಸದ್ದನ್ನೂ ಸಮ ಮಾಡಿಕೊಳ್ಳಿ. ಸ್ವಲ್ಪ ಜೋರಾದದ್ದು ಯಾವಾಗಲೂ ಚೆನ್ನಾಗಿ ಕೇಳುತ್ತೆ, ಕಿವಿ ಹಾಗೇ ಮೋಸ ಹೋಗುತ್ತೆ. ಕಣ್ಣು ಮುಚ್ಚಿಕೊಂಡು ಗೆಳೆಯರ ಕೈಯಲ್ಲಿ ಹಾಕಿಸಿಕೊಂಡರೆ ಇನ್ನೂ ಒಳ್ಳೇದು, ಆದರೂ ಮುಟ್ಟಿದ ಕೂಡಲೇ ವೆಲ್ವೆಟ್ಟೋ ರೆಕ್ಸಿನ್ನೋ ಗೊತ್ತಾಗಿಬಿಡುತ್ತೆ ಅನ್ನೋ ತೊಡಕಿದೆ. ಕೇಳೋಕೆ ನೀವು ಚೆನ್ನಾಗಿ ಬಲ್ಲ ಹಾಡನ್ನೇ ಇಟ್ಟುಕೊಳ್ಳಿ. ನಮ್ಮ ಕೆಲಸಕ್ಕೆ ನೀಲಗಾರರ ಹಾಡಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ: ತಂಬೂರಿಯ ಶ್ರುತಿ ಕೆಳಗೆ, ಮುಂದಾಳಿನ ಮಾತು ನಡುವೆ, ಗಗ್ಗರದ ಕಿಣಿಕಿಣಿ ಮೇಲೆ. ಮೂರೂ ಬೇರೆ ಬೇರೆಯಾಗಿ ಕೇಳಬೇಕು, ಒಂದು ಇನ್ನೊಂದನ್ನು ನುಂಗಬಾರದು.

ಅಳತೆ ಬೇಕು ಅನ್ನುವ ಎಲೆಕ್ಟ್ರಾನಿಕ್ಸ್‌ನವರಿಗೆ ಮಿನಿ ಪ್ರಾಜೆಕ್ಟ್ ಒಂದಿದೆ. ನುಣುಪಾದ ಹಲಗೆಯಲ್ಲಿ ತೂತು ಕೊರೆದು, ಸಣ್ಣ ಎಲೆಕ್ಟ್ರೆಟ್ ಮೈಕ್ ಅದರ ಮುಖ ಹಲಗೆಗೆ ಸಮನಾಗುವಂತೆ ಕೂರಿಸಿ, ಹಿಂದಿನಿಂದ ಮೇಣದಲ್ಲಿ ಮುಚ್ಚಿ. ಕಪ್ ಅನ್ನು ಮೈಕ್ ಮೇಲೆ ಇಟ್ಟು, ಮೇಲೆ ಅರ್ಧ ಕೆ.ಜಿ. ತೂಕ ಇರಿಸಿ, 20ರಿಂದ 20,000 ಹರ್ಟ್ಸ್‌ವರೆಗೆ ಸ್ವರ ಹಾಯಿಸಿ. ಲ್ಯಾಪ್‌ಟಾಪ್‌ನಲ್ಲಿ ರೇಖೆ ಎಳೆಯುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತೆ. ಹಲಗೆಗೆ ಕಿವಿಯಿಲ್ಲ, ನಾಳವೂ ಇಲ್ಲ, ಹಾಗಾಗಿ ಬರುವ ರೇಖೆ ನೀವು ಕೇಳುವುದರ ಚಿತ್ರ ಅಲ್ಲ. ಹಳೆಯ ಪ್ಯಾಡ್‌ನ ರೇಖೆಯಿಂದ ಹೊಸದರ ರೇಖೆಯನ್ನು ಕಳೆದರೆ ಉಳಿಯುವ ವ್ಯತ್ಯಾಸವೇ ನಿಮಗೆ ಬೇಕಾದ್ದು, ಕೆಳಸ್ವರದಲ್ಲಿ ಅದನ್ನು ನಂಬಬಹುದು. ಪ್ರತಿ ಪ್ಯಾಡ್‌ಗೂ ಐದು ಸಲ ಎತ್ತಿಟ್ಟು ಅಳೆಯಿರಿ. ಎತ್ತಿಟ್ಟಾಗ ಬರುವ ಏರುಪೇರು ಎರಡು ಪ್ಯಾಡ್‌ಗಳ ನಡುವಿನ ಅಂತರಕ್ಕಿಂತ ಹೆಚ್ಚಿದ್ದರೆ ಆ ಅಂತರಕ್ಕೆ ಅರ್ಥವಿಲ್ಲ. ಆಮೇಲೆ ಒಂದು ಬಾಲ್ ಪೆನ್ನಿನ ರೀಫಿಲ್ ಅನ್ನು ಪ್ಯಾಡ್ ಅಡಿಗೆ ಇಟ್ಟು ಮತ್ತೆ ಅಳೆಯಿರಿ, ಕನ್ನಡಕದ ಕಡ್ಡಿಯ ಬದಲಿಗೆ. ಮೇಲೆ ಹಾಕಿದ ಹೆಲ್ಮ್‌ಹೋಲ್ಟ್ಸ್ ಲೆಕ್ಕ ನಿಮ್ಮ ಪರದೆಯ ಮೇಲೆ ಎಷ್ಟು ಹರ್ಟ್ಸ್‌ನಲ್ಲಿ ಉಬ್ಬುತ್ತೆ, ಎಲ್ಲಿಂದ ಇಳಿಯುತ್ತೆ ಅಂತ ಕಾಣುತ್ತೆ.

ಹಿರಿಯರ ಹಾಡು ತಿದ್ದುವವರಿಗೆ ಇನ್ನೆರಡು ಮಾತು. ಫೋನ್‌ನಿಂದ ಬಂದ ಮೂಲ ಕಡತವನ್ನು ಮುಟ್ಟದೆ ಬೇರೆ ಕಡೆ ಇಡಿ, ತಿದ್ದೋದು ಪ್ರತಿಯಲ್ಲಿ. ತಿದ್ದಿದ ಪ್ರತಿಯ ಜೊತೆ ಒಂದು ಸಣ್ಣ ಟಿಪ್ಪಣಿ ಸೇರಿಸಿ: ಹಾಡಿದವರು, ಊರು, ದಿನಾಂಕ, ಕೇಳಿದ ಹೆಡ್‌ಫೋನ್, ಅದಕ್ಕೆ ಹಾಕಿದ್ದ ಪ್ಯಾಡ್, ಕನ್ನಡಕ ಇತ್ತೋ ಇಲ್ಲವೋ.